ಮೂರು ನಿಮಿಷ ಐವತ್ತೆರಡು ಸೆಕೆಂಡು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಎಡಗಿವಿ — ಶಿಳ್ಳೆ, ನಿನ್ನೆ ಇದ್ದಷ್ಟೇ. ಬಲಗಿವಿ — ಹತ್ತಿ ತುರುಕಿದ ಹಾಗೆ. ಕೆಟಲ್ ಕೂಗಿದ್ದು ಕೇಳಲಿಲ್ಲ. ಹಬೆ ನೋಡಿ ಎದ್ದು ಆರಿಸಿದೆ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು, ಬಚಾವಾದೆ.

ಯಾವುದು ಕೇಳಿಸಿತು, ಯಾವುದು ಇಲ್ಲ, ದಿನಾ ಬರೆಯಿರಿ ಎಂದಿದ್ದರು ಕಿವಿ ಡಾಕ್ಟರು. ಎರಡು ತಿಂಗಳಾಯಿತು. ಈಗ ಕಿವಿಯ ವಿಷಯ ಎರಡು ಸಾಲು, ಉಳಿದ ಸಂಗತಿ ಎರಡು ಪುಟ. ಅವರಿಗೂ ತೋರಿಸುವುದಿಲ್ಲ, ಯಾರಿಗೂ ತೋರಿಸುವುದಿಲ್ಲ. ಡ್ರಮ್ ಕಡ್ಡಿಗಳ ಚೀಲದಲ್ಲಿ, ಎಲ್ಲಕ್ಕಿಂತ ಕೆಳಗೆ, ಈ ಪುಸ್ತಕ. ಆ ಚೀಲಕ್ಕೆ ಬೇರೆಯವರು ಕೈ ಹಾಕುವುದಿಲ್ಲ.

ಉಪಾಯ ಒಂದೇ. ಕೇಳಿಸದಿದ್ದರೆ ತಲೆಯಾಡಿಸು, ‘ಸರಿ ಸರಿ’ ಅನ್ನು. ಹತ್ತರಲ್ಲಿ ಒಂಬತ್ತು ಸಲ ನಡೆದುಹೋಗುತ್ತದೆ. ಹತ್ತನೆಯ ಸಲ ನಾದಿನಿಯ ಮನೆಗೆ ಬಣ್ಣ ಬಳಿಯಲು ಒಪ್ಪಿಕೊಂಡುಬಿಟ್ಟಿರುತ್ತೇನೆ.

ಮಾರ್ಚ್ 5, ಬುಧವಾರ

ರಿಹರ್ಸಲ್. ಹಳೆಯ ಟೈರ್ ಗೋದಾಮು, ಇನ್ನೂ ರಬ್ಬರ್ ವಾಸನೆ. ಮುಂದಿನ ತಿಂಗಳು ಐದಕ್ಕೆ ಬ್ಯಾಂಡಿನ ಮೂವತ್ತನೇ ವರ್ಷದ ಶೋ. ದೊಡ್ಡ ಮೈದಾನ, ನಲವತ್ತು ಸಾವಿರ ಜನ.

ವೇದಿಕೆಯ ಮೇಲೆ ಮಾತ್ರ ನಾವು ನಾಲ್ಕೇ. ತಮ್ಮ ಹಾಡುತ್ತಾನೆ. ಅತ್ತಿಗೆ ಬೇಸ್ ಗಿಟಾರು. ನಮ್ಮ ಮೊದಲ ಗಿಟಾರಿನವನ ಹೆಂಡತಿಯಾಗಿ ಬಂದವಳು. ಅವನು ಬ್ಯಾಂಡ್ ಬಿಟ್ಟ, ಇವಳು ಅವನನ್ನು ಬಿಟ್ಟಳು, ಬೇಸ್ ಬಿಡಲಿಲ್ಲ. ಈಗ ಯಾರ ಹೆಂಡತಿಯೂ ಅಲ್ಲ, ಆದರೂ ಮ್ಯಾನೇಜರಿನಿಂದ ಲಾರಿ ಡ್ರೈವರಿನವರೆಗೆ ಎಲ್ಲರಿಗೂ ಅತ್ತಿಗೆ. ಗಿಟಾರಿಗೆ ಹೊಸಬ. ಬಂದು ಹತ್ತೊಂಬತ್ತು ವರ್ಷ, ತಲೆಯೆಲ್ಲ ನೆರೆತಿದೆ, ಹೆಸರು ಇನ್ನೂ ಹೊಸಬ. ನಾನು ಡ್ರಮ್. ನನ್ನನ್ನು ಗಡಿಯಾರ ಎನ್ನುತ್ತಾರೆ. ಕಡ್ಡಿಗೆ ಕಡ್ಡಿ ತಾಗಿಸಿ ಒಂದು-ಎರಡು-ಮೂರು-ನಾಲ್ಕು ಎಂದು ಎಣಿಸಿ ಹಾಡು ಶುರು ಮಾಡುವವನು ನಾನು. ಮುಗಿಯುವವರೆಗೆ ಆ ವೇಗ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಅದಕ್ಕೇ ಆ ಹೆಸರು.

ಈ ಸಲ ಬೆಂಕಿ ಬೇಕಂತೆ, ಮ್ಯಾನೇಜರಿಗೆ. ಕೊನೆಯ ಹಾಡಿನಲ್ಲಿ. ವೇದಿಕೆಯ ಅಂಚಿನಲ್ಲಿ ಹಳದಿ ಟೇಪಿನ ಗೆರೆ, ಗೆರೆಯ ಕೆಳಗೆ ಜಾಲರಿ, ಅದರಿಂದ ನಾಲ್ಕು ಸೆಕೆಂಡು ಎರಡಾಳೆತ್ತರ ಜ್ವಾಲೆ. ತಮ್ಮ ಹಾಡುವುದು ಆ ಗೆರೆಯ ಮೇಲೇ ನಿಂತು. ಹಾಡು ನಿಂತು ಗಿಟಾರ್ ಸೋಲೋ ಶುರುವಾದಾಗ ಹಿಂದೆ ನನ್ನ ಹತ್ತಿರ ಬರುತ್ತಾನೆ. ಅರ್ಧ ನಿಮಿಷ ಅಲ್ಲೇ, ಕಣ್ಣು ಮುಚ್ಚಿಕೊಂಡು. ಸೋಲೋ ಮುಗಿಯುತ್ತಿದ್ದ ಹಾಗೆ ಮತ್ತೆ ಗೆರೆಗೆ, ಕೊನೆಯ ಸಾಲು ಹಾಡಲು. ಅವನು ಹಿಂದೆ ಇರುವ ಆ ಅರ್ಧ ನಿಮಿಷದಲ್ಲಿ ಬೆಂಕಿ.

ಬೆಂಕಿ ನಡೆಸಲು ಒಬ್ಬಳು ಬಂದಿದ್ದಳು. ಮೊಣಕೈವರೆಗೆ ಗ್ಲೌಸ್, ನಗು ಕಡಿಮೆ. “ಕಂಪ್ಯೂಟರ್ ಜೊತೆ ಸೇರಿಸ್ತೀರಾ, ಇಲ್ಲಾ ಟೈಮರ್ ಇಡ್ಲಾ?” ಎಂದು ಕೇಳಿದಳು.

“ಕಂಪ್ಯೂಟರ್ ಯಾಕಮ್ಮಾ? ನಮ್ಮ ಹತ್ರ ಗಡಿಯಾರಾನೇ ಇದೆ,” ಎಂದ ಮ್ಯಾನೇಜರ್. “ರೆಕಾರ್ಡಲ್ಲಿ ಎಷ್ಟು ಸೆಕೆಂಡಿಗೆ ಬರುತ್ತೋ ಸ್ಟೇಜಲ್ಲೂ ಅಷ್ಟಕ್ಕೇ. ಕಣ್ಣು ಮುಚ್ಕೊಂಡು ಟೈಮರ್ ಇಡು.”

ರೆಕಾರ್ಡಿನಲ್ಲಿ ಸೋಲೋ 3:20ಕ್ಕೆ ಶುರು, 3:50ಕ್ಕೆ ಮುಕ್ತಾಯ. ಬೆಂಕಿಗೆ 3:30 ಎಂದು ಗೊತ್ತುಮಾಡಿದಳು. ನನ್ನ ನಾಲ್ಕನೇ ಕಡ್ಡಿ ಏಟಿಗೆ ಅವಳು ಬಟನ್ ಒತ್ತುತ್ತಾಳೆ, ಆಮೇಲೆ ಎಲ್ಲ ಯಂತ್ರವೇ. ಹೊಗೆ ಬಿಟ್ಟ ಮೇಲೆ ಅವಳಿಗೆ ವೇದಿಕೆ ಕಾಣುವುದಿಲ್ಲವಂತೆ. ಅರ್ಧ ಕೇಳಿಸಿತು, ಅರ್ಧ ತುಟಿ ನೋಡಿ ತಿಳಿದೆ. ತಲೆಯಾಡಿಸಿದೆ.

ಮಾರ್ಚ್ 9, ಭಾನುವಾರ

ಪುಸ್ತಕದವಳು ಮನೆಗೆ ಬಂದಿದ್ದಳು. ಬ್ಯಾಂಡಿನ ಚರಿತ್ರೆ ಬರೆಯುತ್ತಿದ್ದಾಳೆ. ಶೋ ದಿನ ಘೋಷಣೆ, ವರ್ಷದ ಕೊನೆಗೆ ಪುಸ್ತಕ. ನಾನೇ ಮಾತಾಡುತ್ತಾ ಹೋದರೆ ಕೇಳಿಸಿಕೊಳ್ಳುವ ಕಷ್ಟ ಇಲ್ಲ. ಮೂರು ಗಂಟೆ ಮಾತಾಡಿದೆ. ಹೆಂಡತಿಗೆ ಆಶ್ಚರ್ಯ, ಇಷ್ಟು ಮಾತು ತನ್ನ ಜೊತೆ ಮದುವೆಯಲ್ಲೂ ಆಡಿರಲಿಲ್ಲವಂತೆ.

ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಮೊದಲ ಕ್ಯಾಸೆಟ್ ಮುನ್ನೂರು ಪ್ರತಿ, ಅದರಲ್ಲಿ ಇನ್ನೂರು ಅಮ್ಮನ ಮಂಚದ ಕೆಳಗೆ. ಐದನೇ ವರ್ಷ ಒಂದೇ ಹಾಡು ರೇಡಿಯೋದಲ್ಲಿ ಹಿಡಿದುಕೊಂಡಿತು, ಮೊದಲ ಹಾಡು, ಈಗಿನ ಕೊನೆಯ ಹಾಡು. ಆಮೇಲೆ ವ್ಯಾನು, ಆಮೇಲೆ ಬಸ್ಸು. ಹದಿನಾಲ್ಕನೇ ವರ್ಷ ತಮ್ಮನಿಗೆ ಒಬ್ಬನೇ ದೊಡ್ಡವನಾಗುವ ಹುಚ್ಚು. ಒಂದು ಆಲ್ಬಮ್ ಮಾಡಿದ, ನೆಲ ಕಚ್ಚಿತು. ಹೋದಾಗಿನ ಅದೇ ಶರ್ಟಿನಲ್ಲಿ ವಾಪಸ್ ಬಂದು ಮೈಕ್ ಮುಂದೆ ನಿಂತ. ಯಾರೂ ಏನೂ ಕೇಳಲಿಲ್ಲ. ನಾನು ನಾಲ್ಕು ಎಣಿಸಿದೆ.

“ಡ್ರಮ್ ಹೇಗೆ ಶುರು ಆಯ್ತು?” ಎಂದು ಕೇಳಿದಳು.

ತಮ್ಮನಿಂದಲೇ. ಆರು ವರ್ಷದವನಿದ್ದಾಗ ನಿದ್ದೆಯಲ್ಲಿ ನಡೆಯುತ್ತಿದ್ದ. ಎಬ್ಬಿಸಬಾರದು ಎನ್ನುತ್ತಿದ್ದಳು ಅಮ್ಮ. ಒಂದು ದಿನ ಬಾಗಿಲ ಹಲಗೆ ತಟ್ಟಿದೆ, ಮೆಲ್ಲಗೆ, ನಾಲ್ಕು ಸಲ. ಕಣ್ಣು ಮುಚ್ಚಿಕೊಂಡೇ ಸದ್ದಿನ ಕಡೆ ತಿರುಗಿ ಬಂದ. ತಟ್ಟುತ್ತ ತಟ್ಟುತ್ತ ಹಾಸಿಗೆವರೆಗೆ ಕರೆತಂದೆ. ಎರಡು ವರ್ಷ ಅದೇ ನನ್ನ ಕೆಲಸ.

ಈಗಲೂ ಹಾಗೇ ಎಂದೆ. ಸೋಲೋದಲ್ಲಿ ಕಣ್ಣು ತೆರೆಯುವುದೇ ಇಲ್ಲ, ನನ್ನ ಡ್ರಮ್ ಹೇಳಿದ ಕಡೆ ನಡೆಯುತ್ತಾನೆ. ಅವಳು ಬರೆದುಕೊಂಡಳು.

ಮಾರ್ಚ್ 13, ಗುರುವಾರ

ಪುಸ್ತಕದವಳು ಮತ್ತೆ. ಹನ್ನೊಂದನೇ ವರ್ಷದ ಬಗ್ಗೆ ಕೇಳಿದಳು. ಕೇಳಿಯೇ ಕೇಳುತ್ತಾಳೆ ಎಂದು ಗೊತ್ತಿತ್ತು.

ಮೊದಲ ಗಿಟಾರಿನವನ ಬಲಗೈ ನಡುಗಲು ಶುರುವಾಗಿತ್ತು. ಯಾರಿಗೂ ಹೇಳಲಿಲ್ಲ. ಸುಲಭದ ಸ್ವರಗಳನ್ನು ಹುಡುಕಿಕೊಂಡ, ಕಷ್ಟದ್ದನ್ನು ನುಂಗಿದ. ಒಂದು ಶೋನಲ್ಲಿ ಕೈ ಕೈಕೊಟ್ಟಿತು. ಹಾಡು ನಡುವೆಯೇ ನಿಂತಿತು. ಮರುದಿನ ಎಲ್ಲರನ್ನೂ ಕೂರಿಸಿ ನಾನೇ ಹೇಳಿದೆ — ಕೈ ನಡುಗಿದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ನೀನು ಹೊರಗೆ. ಮುಚ್ಚಿಡುವವರಿಗೆ ಈ ಬ್ಯಾಂಡಿನಲ್ಲಿ ಜಾಗ ಇಲ್ಲ. ಅವನ ಹೆಂಡತಿ ಎದುರಿಗೇ ಕೂತಿದ್ದಳು, ಬೇಸ್ ತೊಡೆಯ ಮೇಲೆ. ತಮ್ಮ ಮಾತ್ರ “ಇನ್ನೊಂದು ಸ್ವಲ್ಪ ದಿನ ನೋಡೋಣ ಅಣ್ಣಾ” ಎಂದ. ನಾನು ಕಿವಿಗೊಡಲಿಲ್ಲ.

ಪುಸ್ತಕದವಳಿಗೆ ಇಷ್ಟನ್ನೂ ಹೇಳಿದೆ. ರೂಲು ಇವತ್ತಿಗೂ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಟೀ ಲೋಟ ಒಳಗಿಟ್ಟು ಬರುವ ನೆಪದಲ್ಲಿ ಎದ್ದೆ.

ನಾಚಿಕೆ. ಬರೆಯಲು ಬೇರೆ ಪದ ಇಲ್ಲ.

ಮಾರ್ಚ್ 21, ಶುಕ್ರವಾರ. ಸಂಜೆ 5

ಪೂರ್ತಿ ರಿಹರ್ಸಲ್. ಗ್ಯಾಸ್ ಇಲ್ಲ. ಜಾಲರಿಯ ಜಾಗದಲ್ಲಿ ಕೆಂಪು ದೀಪ. ದೀಪ ಹತ್ತಿದರೆ ಬೆಂಕಿ ಬಂತು ಎಂದು ಲೆಕ್ಕ.

ಕೊನೆಯ ಹಾಡು. ಎಣಿಸಿದೆ. ಕಣ್ಣು ಅತ್ತಿಗೆಯ ಭುಜದ ಮೇಲೆ. ಈಚೆಗೆ ನನಗೆ ಅದೇ ದಾರಿ, ಅವಳ ಭುಜ ಕುಣಿಯುವುದನ್ನು ನೋಡಿ ತಾಳ ಹಿಡಿಯುತ್ತೇನೆ. ಚೆನ್ನಾಗಿಯೇ ಹೋಗುತ್ತಿತ್ತು.

ದೀಪ ಹತ್ತಿದಾಗ ತಮ್ಮ ಗೆರೆಯ ಮೇಲೆ ನಿಂತು ಹಾಡುತ್ತಿದ್ದ. ಮುಖ, ಎದೆ, ಕೈ ಎಲ್ಲ ಕೆಂಪು. ಸೋಲೋ ಇನ್ನೂ ಶುರುವೇ ಆಗಿರಲಿಲ್ಲ.

ಎಲ್ಲರೂ ನಿಲ್ಲಿಸಿದರು. ನಾನು ಒಂದು ಏಟು ಜಾಸ್ತಿ ಹೊಡೆದೆ. ತಮ್ಮ ತನ್ನ ಕಾಲ ಕೆಳಗಿನ ದೀಪ ನೋಡಿ ನಕ್ಕ. “ಇವತ್ತು ನನ್ನನ್ನ ರೋಸ್ಟ್ ಮಾಡಿಬಿಟ್ರಲ್ಲಮ್ಮಾ.” ಬೆಂಕಿಯವಳು ನಗಲಿಲ್ಲ. ಟೈಮರ್ ತಿರುಗಿಸಿ ತೋರಿಸಿದಳು, 3:30, ಸರಿಯಾಗಿಯೇ ಇತ್ತು. ಮ್ಯಾನೇಜರ್ ಅವಳ ಮೇಲೆ ಹಾರಿಬಿದ್ದ. ಬಟನ್ ಬೇಗ ಒತ್ತಿದ್ದೀಯ ಎಂದ. ಅವಳು ಇಲ್ಲ ಎಂದಳು.

ಎಲ್ಲರೂ ಅವಳನ್ನು ನೋಡುತ್ತಿದ್ದರು. ನನ್ನನ್ನು ಯಾರೂ ನೋಡಲಿಲ್ಲ. ಗಡಿಯಾರವನ್ನು ಯಾರು ಅನುಮಾನಿಸುತ್ತಾರೆ.

ಮಾರ್ಚ್ 22

ನಿದ್ದೆ ಇಲ್ಲ. ಕೆಂಪು.

ಮಾರ್ಚ್ 24, ಸೋಮವಾರ

ಪುಸ್ತಕದವಳು ಒಬ್ಬಳೇ ಬಂದು, ಹೆಂಡತಿ ಅಡುಗೆಮನೆಗೆ ಹೋಗುವವರೆಗೆ ಕಾದು, ಲ್ಯಾಪ್‌ಟಾಪ್ ತೆರೆದಳು. ಮೂವತ್ತು ವರ್ಷದಲ್ಲಿ ಅಭಿಮಾನಿಗಳು ಮಾಡಿದ ರೆಕಾರ್ಡಿಂಗ್‌ಗಳನ್ನೆಲ್ಲ ಗುಡ್ಡೆ ಹಾಕಿದ್ದಾಳೆ. ಕೊನೆಯ ಹಾಡೊಂದೇ ಇನ್ನೂರ ಹತ್ತು ಸಲ. ಪ್ರತಿಯೊಂದರ ಉದ್ದ ಅಳೆದು ಗೆರೆ ಎಳೆದಿದ್ದಾಳೆ.

ಇಪ್ಪತ್ತಾರು ವರ್ಷ ಗೆರೆ ನೆಟ್ಟಗಿದೆ. ನಾಲ್ಕು ನಿಮಿಷ ಹತ್ತು ಸೆಕೆಂಡು, ಹೆಚ್ಚೆಂದರೆ ಎರಡು ಸೆಕೆಂಡು ಆಚೀಚೆ. ಆಮೇಲೆ ಮೇಲಕ್ಕೇರಿದೆ. 4:16. 4:22. ಕಳೆದ ಚಳಿಗಾಲದಿಂದ 4:30.

“ನೀವು ನಿಧಾನ ಆದ್ರೆ ಎಲ್ರೂ ನಿಮ್ಮ ಜೊತೆ ನಿಧಾನ ಆಗ್ತಾರೆ. ಅದಕ್ಕೇ ಯಾರಿಗೂ ಗೊತ್ತಾಗಿಲ್ಲ ಅನ್ಸುತ್ತೆ,” ಎಂದಳು. ಆಮೇಲೆ, “ಇದನ್ನ ಬರೀಲಾ?”

ಶೋ ಆಗಲಿ ಎಂದೆ. ದನಿ ನನ್ನದೇ ಹೌದೋ ಅಲ್ಲವೋ ಗೊತ್ತಾಗಲಿಲ್ಲ.

ಅವಳು ಹೋದ ಮೇಲೆ ಪೆನ್ಸಿಲ್ ಹಿಡಿದೆ. ನನ್ನ ಈಗಿನ ವೇಗದಲ್ಲಿ ಸೋಲೋ ಶುರುವಾಗುವುದು 3:36ಕ್ಕೆ. ಬೆಂಕಿ 3:30ಕ್ಕೆ. ಆರು ಸೆಕೆಂಡು. ಆ ಆರು ಸೆಕೆಂಡು ನನ್ನದು.

ಹೇಳಿದರೆ ನನ್ನದೇ ರೂಲು, ನನ್ನದೇ ಬಾಯಿ. ಅತ್ತಿಗೆಯ ಎದುರು ಕೂತು ಹೇಳಬೇಕು. ಮೂವತ್ತು ವರ್ಷದ ಶೋ ಬೇರೆ ಯಾರೋ ನುಡಿಸುತ್ತಾರೆ.

ಹೇಳುವುದಿಲ್ಲ. ಸರಿಮಾಡಿಕೊಳ್ಳುತ್ತೇನೆ.

ಮಾರ್ಚ್ 26, ಬುಧವಾರ

ಡಾಕ್ಟರನ್ನು ಕೇಳಿದೆ. ಕೇಳಿಸದಿದ್ದಾಗ ಕೈ ಕಾಯುತ್ತದೆ ಎಂದರು. ಹಿಂದಿನ ಏಟು ಕಿವಿಗೆ ತಲುಪಿತೇ ಎಂದು ಖಾತ್ರಿಯಾಗುವವರೆಗೆ ಮುಂದಿನದನ್ನು ಹೊಡೆಯುವುದಿಲ್ಲ. ಕೂದಲೆಳೆಯಷ್ಟು, ಪ್ರತಿ ಏಟಿಗೂ. ವಾದ್ಯ ಬಿಡಿ ಎಂದೂ ಹೇಳಿದರು. ಅದು ಕೇಳಿಸಲಿಲ್ಲ ಎಂದುಕೊಳ್ಳೋಣ.

ಒಂದು ಬಿಲ್ಲೆ ಕೊಂಡೆ. ನಾಣ್ಯದಷ್ಟಿದೆ. ವೇಗ ಹೇಳಿಕೊಟ್ಟರೆ ಸದ್ದಿಲ್ಲದೆ ಅದೇ ವೇಗಕ್ಕೆ ನಡುಗುತ್ತದೆ. ಕಾಲುಚೀಲದೊಳಗೆ, ಮೂಳೆಗೆ ತಾಗಿಸಿ ಕಟ್ಟಿದೆ. ಗ್ಯಾರೇಜಿನಲ್ಲಿ ರಬ್ಬರ್ ಪ್ಯಾಡಿನ ಮೇಲೆ ಕೊನೆಯ ಹಾಡು ನುಡಿಸಿದೆ, ಮನಸ್ಸಿನಲ್ಲೇ ಹಾಡಿಕೊಂಡು.

4:10.

ಮತ್ತೆ. 4:10.

ಗ್ಯಾರೇಜಿನಲ್ಲಿ ಕೂತು ಅತ್ತೆ. ಸಂತೋಷಕ್ಕೇ.

ಏಪ್ರಿಲ್ 2, ಬುಧವಾರ

ಏಳು ದಿನ ಬರೆಯಲಿಲ್ಲ. ಬರೆಯಲು ಏನಿದೆ, ಪ್ಯಾಡು, ಬಿಲ್ಲೆ, 4:10. ಉಳಿದ ಹಾಡುಗಳಲ್ಲಿ ಬೆಂಕಿ ಇಲ್ಲ, ಹೇಗೋ ಹೋಗಲಿ. ಕೊನೆಯದಕ್ಕೆ ಮಾತ್ರ ಬಿಲ್ಲೆ. ಅದನ್ನು ಎಲ್ಲರ ಜೊತೆ ಒಮ್ಮೆ ನುಡಿಸಿ ನೋಡುವಂತಿಲ್ಲ. ಇಪ್ಪತ್ತೊಂದರದೇ ಕಡೆಯ ರಿಹರ್ಸಲ್. ಮೈದಾನದಲ್ಲಿ ಶೋಗೆ ಮೊದಲು ಕೊನೆಯ ಹಾಡು ಮುಟ್ಟುವುದಿಲ್ಲ, ಮೊದಲ ವರ್ಷದಿಂದ ಬಂದ ಪದ್ಧತಿ. ಎರಡನೇ ಊರಿನಲ್ಲಿ ಮುಟ್ಟಿದ್ದೆವು, ಅವತ್ತು ಕರೆಂಟ್ ಹೋಯಿತು, ಅಷ್ಟಕ್ಕೇ.

ಆದರೂ ಬೆಂಕಿಯನ್ನು ನಂಬಲಾಗಲಿಲ್ಲ. ಮ್ಯಾನೇಜರಿಗೆ ಫೋನ್ ಬೇಡ, ಖುದ್ದು ಹೋದೆ. ಬೆಂಕಿ ಬಿಟ್ಟುಬಿಡೋಣ, ನಮ್ಮ ವಯಸ್ಸಿಗೆ ಒಪ್ಪುವುದಿಲ್ಲ ಎಂದೆ.

“ಗಡಿಯಾರಕ್ಕೆ ಯಾವಾಗಿಂದ ಭಯ?” ಎಂದ. “ಪೋಸ್ಟರ್‌ನಲ್ಲೇ ಬೆಂಕಿ ಇದೆ. ಕಾರಣ ಹೇಳು, ತೆಗೀತೀನಿ.”

ಕಾರಣ. ನಾಲಿಗೆ ತುದಿಗೆ ಬಂತು. ನುಂಗಿದೆ.

ಸಂಜೆ ತಮ್ಮ ನಮ್ಮ ಮನೆಗೆ ಬಂದ. ಹೇಳದೆ ಬರುವವನಲ್ಲ. ನನ್ನ ಎದುರಿಗೇ ಕೂತ, ಬಾಯಿ ಕಾಣುವ ಹಾಗೆ, ನಿಧಾನವಾಗಿ, ಜೋರಾಗಿ ಮಾತಾಡಿದ. ಈಚೆಗೆ ಹಾಗೇ ಮಾತಾಡುತ್ತಾನೆ. ವಯಸ್ಸಾಯಿತು ಇವನಿಗೂ ಎಂದುಕೊಂಡಿದ್ದೆ.

“ಅಣ್ಣಾ, ಶನಿವಾರ ನೀನು ಯಾವುದಕ್ಕೂ ತಲೆ ಕೆಡಿಸ್ಕೋಬೇಡ. ಹೇಗೆ ಬರುತ್ತೋ ಹಾಗೆ ನುಡಿಸು. ನಾನಿದ್ದೀನಿ.”

“ಏನಾಗಿದೆ ನನಗೆ?” ಎಂದೆ, ಸ್ವಲ್ಪ ಒರಟಾಗಿ.

“ಏನಿಲ್ಲ. ಸುಮ್ನೆ.”

ನನ್ನ ಮುಖ ನೋಡಿದ. ನಾನೂ ನೋಡಿದೆ. ಇಬ್ಬರ ಬಾಯಲ್ಲೂ ಏನೋ ಇತ್ತು. ಹೆಂಡತಿ ಚಹಾ ತಂದಳು. ಆಮೇಲೆ ಅಮ್ಮನ ಹಳೇ ಮಂಚ ಯಾರ ಮನೆಯಲ್ಲಿರಬೇಕು ಎಂಬ ಮಾತು ಬಂತು.

ಏಪ್ರಿಲ್ 5, ಶನಿವಾರ. ಮಧ್ಯಾಹ್ನ 2

ಮೈದಾನ. ಎಡಗಿವಿ — ಶಿಳ್ಳೆ ಜೋರು. ಬಲಗಿವಿ — ಹೆಚ್ಚುಕಡಿಮೆ ಏನೂ ಇಲ್ಲ. ಸೌಂಡ್‌ಚೆಕ್ ಮುಗಿಯಿತು, ಎರಡು ಹಾಡು. ಕಾಲಲ್ಲಿ ಬಿಲ್ಲೆ ಕಟ್ಟಿಯಾಗಿದೆ. ಹಳದಿ ಗೆರೆ ಹೊಸದಾಗಿ ಅಂಟಿಸಿದ್ದಾರೆ. ಹೋಗಿ ಅದರ ಮೇಲೆ ನಿಂತೆ. ಜಾಲರಿಯಿಂದ ಗ್ಯಾಸಿನ ಸಣ್ಣ ವಾಸನೆ. ಮೂಗು ಇನ್ನೂ ಚೆನ್ನಾಗಿದೆ.

ಸಂಜೆ 6:10

ಬೆಂಕಿಯವಳು ಬಂದಿದ್ದಳು. ಹೊರಗೆ ಜನ ಸೇರಿದ್ದಾರೆ, ಅವರ ಕೂಗಾಟ ನನ್ನ ತಲೆಯಲ್ಲಿ ಒಂದೇ ಗುಂಯ್ ಆಗಿ ಕೂತಿದೆ. ಅವಳ ಬಾಯಿಗೆ ಆಗಲೇ ಮಾಸ್ಕ್, ತುಟಿ ಕಾಣಲಿಲ್ಲ. ಏನೋ ಹೇಳಿದಳು. ಉದ್ದಕ್ಕೆ ಹೇಳಿದಳು. ಕೊನೆಗೆ ಪ್ರಶ್ನೆ ಕೇಳಿದ ಹಾಗೆ ನೋಡಿದಳು. ಸರಿ ಸರಿ ಎಂದೆ. ಒಂದು ಕಾಗದ ಮುಂದಿಟ್ಟು ಬೆರಳು ತೋರಿಸಿದಳು, ಸಹಿ ಹಾಕಿದೆ. ಒಂದು ಪ್ರತಿ ಹರಿದು ಕೊಟ್ಟು ಹೋದಳು. ಎಲ್ಲ ಸುಸೂತ್ರ.

6:35

ಕಾಗದ ಈಗ ಓದಿದೆ. ಕನ್ನಡಕ ಚೀಲದಲ್ಲಿತ್ತು.

ಬೆಂಕಿ ಸಮಯ ಬದಲಾವಣೆ. ಹಿಂದಿನದು 3:30. ಈಗಿನದು 3:52. ತಾರೀಕು ಮಾರ್ಚ್ 23. ಹಾಡು ಎಣಿಸಿ ಕೊಡುವವರ ಒಪ್ಪಿಗೆ — ನನ್ನ ಸಹಿ. ಬದಲಾವಣೆ ಕೇಳಿದವರು — ತಮ್ಮನ ಸಹಿ. ಕಾರಣ ಎಂಬ ಕಡೆ ತಮ್ಮನ ಅಕ್ಷರ, ಆ ಕೋಳಿಕಾಲು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

‘ಅಣ್ಣ ಮೂರು ವರ್ಷದಿಂದ ಸ್ವಲ್ಪ ನಿಧಾನ. ಬೆಂಕಿ ಅವನಿಗೋಸ್ಕರ ಕಾಯಲಿ.’

ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಅಲ್ಲಿಂದ ನನ್ನ ನಿಧಾನಕ್ಕೆ ತಕ್ಕ ಹಾಗೆ ಹಾಡುತ್ತಿದ್ದಾನೆ, ನಡೆಯುತ್ತಿದ್ದಾನೆ. ನನ್ನ ಮುಖಕ್ಕೆ ಒಂದು ಮಾತು ಹೇಳಲಿಲ್ಲ. ನಾನು ಅವತ್ತು ಕೊಡದಿದ್ದ ‘ಇನ್ನೊಂದು ಸ್ವಲ್ಪ ದಿನ’ವನ್ನು ನನಗೆ ಕೊಟ್ಟಿದ್ದಾನೆ.

ನನ್ನ ಕಾಲಲ್ಲಿ ಬಿಲ್ಲೆ. 4:10. ಸರಿಯಾದ ವೇಗದಲ್ಲಿ ಸೋಲೋ ಮುಗಿಯುವುದು 3:50ಕ್ಕೆ. 3:50ಕ್ಕೆ ಅವನು ಕಣ್ಣು ಮುಚ್ಚಿಕೊಂಡು ಗೆರೆಗೆ ನಡೆಯುತ್ತಾನೆ. 3:52.

ನನ್ನ ಡ್ರಮ್ ಕೇಳಿಕೊಂಡು ನಡೆಯುತ್ತಾನೆ.

6:40

ಬಿಲ್ಲೆ ಕಿತ್ತು ಎಸೆದರೆ? ನಿಧಾನವಾಗಿ ನುಡಿಸಿದರೆ? ಎಷ್ಟು ನಿಧಾನ? ಅದೇ ಗೊತ್ತಿಲ್ಲ. ನಿಧಾನ ನಾನು ಬೇಕೆಂದು ಮಾಡಿದ್ದಲ್ಲ. ಹತ್ತು ದಿನದಿಂದ ಕಾಲು ಬಿಲ್ಲೆಗೆ ಒಗ್ಗಿಹೋಗಿದೆ. ಈಗ ನನ್ನ ಕೈಗೆ ಯಾವ ವೇಗ ಬರುತ್ತದೋ ನನಗೇ ಭರವಸೆ ಇಲ್ಲ.

ಬೆಂಕಿಯವಳು ಆಗಲೇ ಮೈದಾನದ ಆ ತುದಿಯ ಕ್ಯಾಬಿನ್ನಿನಲ್ಲಿ. ನಡುವೆ ನಲವತ್ತು ಸಾವಿರ ತಲೆ. ‘ಬೆಂಕಿ ಬೇಡ’ ಎಂದು ಮೆಸೇಜ್ ಕಳಿಸಿದೆ. ಒಂದೇ ಟಿಕ್. ಇಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಎಲ್ಲಿಯದು. ಮ್ಯಾನೇಜರ್ ಗೇಟಿನ ಹತ್ತಿರ ಯಾರ ಯಾರನ್ನೋ ತಬ್ಬಿಕೊಳ್ಳುತ್ತಿರಬೇಕು. ಸಿಕ್ಕರೂ ಕಾರಣ ಕೇಳುತ್ತಾನೆ. ಎಲ್ಲರೂ ಕಾರಣ ಕೇಳುತ್ತಾರೆ.

ಕಾರಣ ಹೇಳಬೇಕಾದ್ದು ಒಬ್ಬನಿಗೇ. ಅವನು ಎದುರಿನ ಬಾಗಿಲ ಒಳಗಿದ್ದಾನೆ. ಶೋಗೆ ಮೊದಲು ಅರ್ಧ ಗಂಟೆ ಮೌನ, ಒಬ್ಬನೇ. ಮೂವತ್ತು ವರ್ಷದಲ್ಲಿ ಆ ಬಾಗಿಲು ಯಾರೂ ತಟ್ಟಿಲ್ಲ. ಅಮ್ಮ ತೀರಿಕೊಂಡ ಸುದ್ದಿ ಬಂದ ದಿನವೂ ತಟ್ಟಲಿಲ್ಲ, ಶೋ ಮುಗಿದ ಮೇಲೆ ಹೇಳಿದೆವು.

ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಏನಾದರೂ ಹಿಡಿದುಕೊಳ್ಳದಿದ್ದರೆ ಕೈ ನಡುಗುತ್ತದೆ. ಮೊದಲ ಗಿಟಾರಿನವನ ಕೈ ನಡುಗಿದ ಹಾಗೆ. ಅತ್ತಿಗೆ ಆ ಕಡೆ ನಿಂತು ಬೇಸ್ ಪಟ್ಟಿ ಬಿಗಿದುಕೊಳ್ಳುತ್ತಿದ್ದಾಳೆ. ನನ್ನ ಕೈಯನ್ನೇ ನೋಡುತ್ತಿದ್ದಾಳೆ.

6:46

ತಟ್ಟಿದೆ. ಒಳಗಿನಿಂದ ಏನೋ ಅಂದ ಹಾಗಾಯಿತು. ಬಾ ಅಂದನೋ, ಹೋಗು ಅಂದನೋ. ಕೇಳಿಸಲಿಲ್ಲ. ಬಾಗಿಲು ತೆರೆಯಲಿಲ್ಲ. ಅಭ್ಯಾಸಬಲ, ಬಾಗಿಲಿಗೇ ತಲೆಯಾಡಿಸಿದೆ.

ವೇದಿಕೆ ಹಿಂದಿನ ಓಣಿಯ ಕೆಂಪು ದೀಪ ಹತ್ತಿತು. ಶೋಗೆ ಇನ್ನು ಹತ್ತು ನಿಮಿಷ.

ಮತ್ತೆ ತಟ್ಟುತ್ತೇನೆ. ಹಲಗೆಯ ಮೇಲೆ, ಆಗ ತಟ್ಟುತ್ತಿದ್ದ ಹಾಗೆ, ಮೆಲ್ಲಗೆ, ನಾಲ್ಕು ಸಲ. ಅದಕ್ಕೆ ಅವನು ಬರದೆ ಇದ್ದದ್ದಿಲ್ಲ. ಮೊದಲ ಮಾತನ್ನು ಇಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಮಾತು ಬರದಿದ್ದರೆ ಈ ಪುಟವನ್ನೇ ಅವನ ಕೈಗೆ ಕೊಡುತ್ತೇನೆ.

ತಮ್ಮಾ, ನನಗೆ ಕಿವಿ —